ಬೀಟಾ ಕ್ಷಯದಲ್ಲಿ ಕ್ಷಯಿಸುವುದು ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಕಿರಣದ ಬಗ್ಗೆ ಪದವಿಪೂರ್ವ ವಿದ್ಯಾರ್ಥಿಗಳು ಓದುವಂಥ ಕೈಪಿಡಿಯೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಕರಡಿನಲ್ಲಿ ಈ ಸಾಲುಗಳಿವೆ:

“ನ್ಯೂಕ್ಲಿಯಸ್ಸಿನೊಳಗಿರುವ ಇಲೆಕ್ಟ್ರಾನುಗಳು ವಿಸರ್ಜನೆಗೊಂಡು ಪರಮಾಣು ಕ್ರಮೇಣ ಕ್ಷಯಿಸುವುದಕ್ಕೆ ಬೀಟಾ ಕ್ಷಯ ಎಂದು ಹೆಸರು. ಇದಕ್ಕೆ ದುರ್ಬಲ ಬಲ ಕಾರಣ. ಕ್ಷಯದ ನಂತರ ಉಳಿಯುವುದು ಮಗಳು ನ್ಯೂಕ್ಲಿಯಸ್. ಅರ್ಧಾಯು ಕಳೆದ ಪರಮಾಣುಗಳು ಬೇಗ ಕ್ಷಯಿಸುತ್ತವೆ.”

‘ಕ್ಷಯ’ ಎಂದ ತಕ್ಷಣ ಓದುಗರಿಗೆ ನೆನಪಾಗುವುದು ಕೆಮ್ಮು, ಕಫ ಪರೀಕ್ಷೆ, ಆರು ತಿಂಗಳ ಮಾತ್ರೆ. ಅದನ್ನು ಬಿಟ್ಟು ‘ಅಳಿವು’, ‘ವಿಘಟನೆ’, ‘ಶಿಥಿಲನ’ ಇವುಗಳಲ್ಲಿ ಒಂದನ್ನು ಹಿಡಿಯಬಹುದೇ? ‘ದುರ್ಬಲ ಬಲ’ ಎಂಬುದು ‘ಬಡ ಶ್ರೀಮಂತ’ ಎಂದ ಹಾಗೆ ಕೇಳುತ್ತದೆ. ‘ಮಗಳು ನ್ಯೂಕ್ಲಿಯಸ್’ ಬಂದಾಗ ಕ್ರಿಯಾಪದ ಯಾವ ಲಿಂಗದಲ್ಲಿರಬೇಕು ಎಂಬ ತಕರಾರೂ ಇದೆ. ಮುಂದಿನ ಪುಟದಲ್ಲಿ ‘ಇಲೆಕ್ಟ್ರಾನ್ ಗ್ರಹಣ’ ಬರುತ್ತದೆ, ಅದು ಸರಿಯೇ? ವಿಷಯ ಬಲ್ಲವರೂ ವ್ಯಾಕರಣ ಬಲ್ಲವರೂ ದಯವಿಟ್ಟು ತಿಳಿಸಿ.

ಉತ್ತರ: ಭೌತಶಾಸ್ತ್ರದ ಕಡೆಯಿಂದ

ಮೇಡಂ, ನೀವು ಅನುಮಾನಪಟ್ಟ ಪದಗಳಿಗಿಂತ ಅನುಮಾನಪಡದೆ ಬಿಟ್ಟ ಪದಗಳಲ್ಲೇ ತಪ್ಪು ಹೆಚ್ಚಿದೆ. ‘ಕ್ರಮೇಣ’, ‘ಒಳಗಿರುವ’, ‘ವಿಸರ್ಜನೆ’, ‘ಬೇಗ’ ಈ ನಾಲ್ಕನ್ನು ಮೊದಲು ಹೊಡೆದುಹಾಕಿ. ‘ಕ್ಷಯ’ ಉಳಿಯಬಹುದು. ಆದರೆ ಯಾವುದಕ್ಕೆ ಕ್ಷಯ ಎಂಬುದನ್ನು ವಾಕ್ಯ ಸ್ಪಷ್ಟವಾಗಿ ಹೇಳಬೇಕು.

ಇಂಗಾಲ-14 ತೆಗೆದುಕೊಳ್ಳಿ. ಅದರ ನ್ಯೂಕ್ಲಿಯಸ್ಸಿನಲ್ಲಿ 6 ಪ್ರೋಟಾನ್, 8 ನ್ಯೂಟ್ರಾನ್. ಬೀಟಾ ಕ್ಷಯವಾದಾಗ ಒಂದು ನ್ಯೂಟ್ರಾನ್ ಪ್ರೋಟಾನಾಗುತ್ತದೆ. ಈಗ 7 ಪ್ರೋಟಾನ್, 7 ನ್ಯೂಟ್ರಾನ್: ಅಂದರೆ ಸಾರಜನಕ-14. ಮೊದಲು ಹದಿನಾಲ್ಕು ಕಣಗಳಿದ್ದವು, ಈಗಲೂ ಹದಿನಾಲ್ಕೇ. ಕಡಿಮೆಯಾದ ಶಕ್ತಿ 0.156 ಎಂಇವಿ (ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್). ಇಡೀ ಪರಮಾಣುವಿನ ರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಹೇಳಿದರೆ ಅದು ಸುಮಾರು 13,000 ಎಂಇವಿ. ಎಂದರೆ ಸವೆದದ್ದು ಎಂಬತ್ತು ಸಾವಿರಕ್ಕೂ ಹೆಚ್ಚು ಪಾಲಿನಲ್ಲಿ ಒಂದು ಪಾಲು. ಇದನ್ನು ಪರಮಾಣು ‘ಕ್ಷಯಿಸಿತು’ ಎಂದರೆ ಸೋಪು ಸವೆದ ಚಿತ್ರ ಓದುಗನ ಮನಸ್ಸಿಗೆ ಬರುತ್ತದೆ. ನಡೆದದ್ದು ಸವೆತವಲ್ಲ, ಮಾರ್ಪಾಟು. ‘ಕ್ರಮೇಣ’ ಅಂತೂ ಸಲ್ಲದು. ಒಂದು ನ್ಯೂಕ್ಲಿಯಸ್ ಸಾವಿರಾರು ವರ್ಷ ಒಂದಿಷ್ಟೂ ಬದಲಾಗದೆ ಕೂತಿದ್ದು, ಒಂದು ಗಳಿಗೆಯಲ್ಲಿ ಮಾರ್ಪಡುತ್ತದೆ. ಅರೆಬರೆ ಕ್ಷಯಿಸಿದ ನ್ಯೂಕ್ಲಿಯಸ್ ಎಂಬುದಿಲ್ಲ.

ಹಾಗಾದರೆ ಕ್ಷಯಿಸುವುದು ಯಾವುದು? ಎಣಿಕೆ. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ರ ಅರ್ಧಾಯು 8.02 ದಿನ. ಇವತ್ತು ಶೀಶೆಯಲ್ಲಿ ನೂರು ಪಾಲು ಇದ್ದರೆ ಎಂಟನೆಯ ದಿನ ಐವತ್ತು, ಹದಿನಾರನೆಯ ದಿನ ಇಪ್ಪತ್ತೈದು. ಆದರೆ ಮುಚ್ಚಿದ ಶೀಶೆಯನ್ನು ತಕ್ಕಡಿಗೆ ಹಾಕಿ ನೋಡಿ, ತೂಕ ಇಳಿದಿರುವುದಿಲ್ಲ. ಕಳೆದುಹೋದ ಒಂದೊಂದು ಅಯೋಡಿನ್ ಪರಮಾಣುವಿನ ಜಾಗದಲ್ಲಿ ಅಷ್ಟೇ ತೂಕದ ಜೆನಾನ್-131 ಇದೆ. ಅಯೋಡಿನ್‌ನ ಎಣಿಕೆ ಕ್ಷಯಿಸಿತು. ಪ್ರತಿಯೊಂದು ಪರಮಾಣು ಮಾರ್ಪಟ್ಟಿತು. ಈ ಎರಡು ಕ್ರಿಯಾಪದಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

‘ವಿಘಟನೆ’ ಬೇಡ. ಘಟಕಗಳು ಚೂರಾಗಿ ಬೇರ್ಪಡುವ ಚಿತ್ರ ಅದರಲ್ಲಿದೆ. ಎರಡು ಪ್ರೋಟಾನ್, ಎರಡು ನ್ಯೂಟ್ರಾನಿನ ತುಣುಕು ಹೊರಬೀಳುವ ಆಲ್ಫಾ ಕ್ಷಯದ ವಿಚಾರದಲ್ಲಿ ಹೇಗೋ ಒಪ್ಪಬಹುದು, ಬೀಟಾಕ್ಕೆ ಒಗ್ಗುವುದಿಲ್ಲ. ‘ಶಿಥಿಲನ’ ಇನ್ನೂ ಕೆಟ್ಟದ್ದು. ಶಿಥಿಲವಾಗುವುದು ಹಳೆಯ ಗೋಡೆ. ನ್ಯೂಕ್ಲಿಯಸ್ಸಿಗೆ ವಯಸ್ಸಾಗುವುದಿಲ್ಲ. ಎಂಟು ದಿನ ಉಳಿದುಬಂದ ಅಯೋಡಿನ್ ಪರಮಾಣುವಿಗೂ ಈ ಬೆಳಿಗ್ಗೆ ರಿಯಾಕ್ಟರಿನಿಂದ ಬಂದ ಪರಮಾಣುವಿಗೂ ಮುಂದಿನ ಎಂಟು ದಿನದಲ್ಲಿ ಮಾರ್ಪಡುವ ಸಾಧ್ಯತೆ ಒಂದೇ: ಶೇಕಡಾ ಐವತ್ತು. ಹಾಗಾಗಿ ನಿಮ್ಮ ಕೊನೆಯ ಸಾಲು ಪೂರ್ತಿ ತಪ್ಪು. ಅರ್ಧಾಯು ಕಳೆದ ಪರಮಾಣು ‘ಬೇಗ’ ಕ್ಷಯಿಸುವುದಿಲ್ಲ. ‘ಅರ್ಧಾಯು’ ಎಂಬ ಪದವೇ ಈ ತಪ್ಪಿಗೆ ದಾರಿ ಮಾಡಿಕೊಡುತ್ತದೆ. ಒಂದು ಪರಮಾಣುವಿನ ಆಯುಸ್ಸಿನ ಅರ್ಧ ಎಂದು ಓದುಗ ತಿಳಿಯುತ್ತಾನೆ. ಎಂಟು ದಿನಕ್ಕೆ ಅರ್ಧ ಮುಗಿದರೆ ಹದಿನಾರು ದಿನಕ್ಕೆ ಪೂರ್ತಿ ಮುಗಿಯಿತು ಎಂದು ಲೆಕ್ಕ ಹಾಕುತ್ತಾನೆ. ಪದ ರೂಢಿಯಾಗಿಬಿಟ್ಟಿದೆ, ಕೀಳುವುದು ಕಷ್ಟ. ಮೊದಲ ಸಲ ಬಂದಾಗ ‘ಎಣಿಕೆ ಅರ್ಧಕ್ಕಿಳಿಯುವ ಅವಧಿ’ ಎಂದು ಬಿಡಿಸಿ ಹೇಳಿ, ಆಮೇಲೆ ಅರ್ಧಾಯು ಎಂದೇ ಬರೆಯಿರಿ.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಸರಾಸರಿ ಆಯು ಬೇರೆ, ಅರ್ಧಾಯು ಬೇರೆ, ಅರ್ಧಾಯುವನ್ನು 1.443ರಿಂದ ಗುಣಿಸಿದರೆ ಸರಾಸರಿ ಆಯು. ನ್ಯೂಕ್ಲಿಯಸ್ಸಿನ ಹೊರಗೆ ಒಂಟಿಯಾಗಿರುವ ನ್ಯೂಟ್ರಾನ್ ಬಗ್ಗೆ ಒಂದು ಕಡೆ ‘ಸುಮಾರು ಹತ್ತು ನಿಮಿಷ’ ಎಂದೂ ಇನ್ನೊಂದು ಕಡೆ ‘ಸುಮಾರು ಹದಿನೈದು ನಿಮಿಷ’ ಎಂದೂ ಓದಿ ಯಾವುದೋ ಒಂದು ತಪ್ಪು ಎಂದುಕೊಳ್ಳುವವರಿದ್ದಾರೆ. ಎರಡೂ ಸರಿ. ಹತ್ತು ನಿಮಿಷ ಅರ್ಧಾಯು, ಸುಮಾರು 880 ಸೆಕೆಂಡು ಸರಾಸರಿ ಆಯು. ಕನ್ನಡದಲ್ಲಿ ಎರಡಕ್ಕೂ ‘ಆಯುಷ್ಯ’ ಎಂದೇ ಬರೆದುಬಿಟ್ಟಾಗ ಗೊಂದಲ ಹುಟ್ಟುತ್ತದೆ.

ಈಗ ‘ಒಳಗಿರುವ ಇಲೆಕ್ಟ್ರಾನ್’. ಇದು ಬರಿಯ ಭಾಷೆಯ ತಪ್ಪಲ್ಲ, ಒಂದು ಕಾಲಕ್ಕೆ ಭೌತಶಾಸ್ತ್ರವೇ ನಂಬಿದ್ದ ತಪ್ಪು. ನ್ಯೂಟ್ರಾನ್ ಪತ್ತೆಯಾದದ್ದು 1932ರಲ್ಲಿ. ಅದಕ್ಕೆ ಮೊದಲು ಸಾರಜನಕದ ನ್ಯೂಕ್ಲಿಯಸ್ಸಿನಲ್ಲಿ 14 ಪ್ರೋಟಾನ್, ಅದರಲ್ಲಿ 7ರ ವಿದ್ಯುದಂಶವನ್ನು ಸರಿದೂಗಿಸಲು 7 ಇಲೆಕ್ಟ್ರಾನ್, ಒಟ್ಟು 21 ಕಣ ಎಂದು ಲೆಕ್ಕವಿತ್ತು. ಪ್ರತಿ ಕಣದ ಗಿರಕಿ (ಸ್ಪಿನ್ ಎಂಬ ಕ್ವಾಂಟಂ ಗುಣ) ಅರ್ಧ; ಬೆಸ ಸಂಖ್ಯೆಯ ಅರ್ಧಗಳನ್ನು ಹೇಗೆ ಕೂಡಿಸಿ ಕಳೆದರೂ ಪೂರ್ಣಾಂಕ ಬರುವುದಿಲ್ಲ. 1929ರಲ್ಲಿ ರಾಸೆಟ್ಟಿ ಸಾರಜನಕ ಅನಿಲದ ರಾಮನ್ ರೋಹಿತ (ಚದುರಿದ ಬೆಳಕಿನ ಬಣ್ಣಗಳ ಪಟ್ಟಿ) ತೆಗೆದಾಗ ಅದರ ನ್ಯೂಕ್ಲಿಯಸ್ ಪೂರ್ಣಾಂಕ ಗಿರಕಿಯ ಕಣದಂತೆ ನಡೆದುಕೊಂಡಿತು. ಕಲ್ಕತ್ತೆಯಲ್ಲಿ ಹಿಂದಿನ ವರ್ಷವಷ್ಟೇ ಕಂಡಿದ್ದ ರಾಮನ್ ಪರಿಣಾಮ, ಯೂರೋಪಿನ ನ್ಯೂಕ್ಲಿಯಸ್ ಮಾದರಿಯನ್ನು ಹೀಗೆ ಅಲುಗಾಡಿಸಿತು. ಇನ್ನೊಂದು ಲೆಕ್ಕವೂ ಇದೆ. ಇಲೆಕ್ಟ್ರಾನನ್ನು ನ್ಯೂಕ್ಲಿಯಸ್ಸಿನಷ್ಟು ಇಕ್ಕಟ್ಟಿನಲ್ಲಿ ಕೂಡಿಹಾಕಬೇಕಾದರೆ, ಅನಿಶ್ಚಿತತೆಯ ನಿಯಮದಂತೆ ಅದಕ್ಕೆ ಇಪ್ಪತ್ತು ಎಂಇವಿಯ ಆಸುಪಾಸಿನ ಶಕ್ತಿ ಇರಬೇಕಾಗುತ್ತದೆ. ಹೊರಬರುವ ಬೀಟಾಗಳದ್ದು (ಹೀಗೆ ಹೊರಬರುವ ಇಲೆಕ್ಟ್ರಾನಿಗೇ ಬೀಟಾ ಕಣ ಎಂದು ಹೆಸರು) ಸಾಮಾನ್ಯವಾಗಿ ಒಂದೆರಡು ಎಂಇವಿ, ಹಲವು ಸಲ ಅದಕ್ಕೂ ಕಡಿಮೆ.

ಆದ್ದರಿಂದ ಇಲೆಕ್ಟ್ರಾನ್ ಒಳಗೆ ಇರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿತು. ಚಪ್ಪಾಳೆಯ ಸದ್ದು ಅಂಗೈಯೊಳಗೆ ಅಡಗಿ ಕೂತಿರುವುದಿಲ್ಲವಲ್ಲ, ಹಾಗೆ. ‘ವಿಸರ್ಜನೆ’ ಬೇಡ ಎಂದದ್ದು ಇದಕ್ಕೇ: ಒಳಗಿದ್ದದ್ದನ್ನು ಹೊರಹಾಕುವುದು ಅದರ ಅರ್ಥ, ಜೀವಶಾಸ್ತ್ರದ ಪಾಠದಲ್ಲಿ ಮೂತ್ರಪಿಂಡಕ್ಕೆ ಬಳಸುವ ಮಾತು. ‘ಉತ್ಸರ್ಜನೆ’ ಪಠ್ಯಗಳಲ್ಲಿದೆ, ಇರಲಿ. ನನಗೆ ಹಿಡಿಸುವುದು ‘ಸೂಸು’. ಹೂವು ಪರಿಮಳ ಸೂಸಿದ ಹಾಗೆ ನ್ಯೂಕ್ಲಿಯಸ್ ಬೀಟಾ ಸೂಸುತ್ತದೆ. ಮೊದಲ ವಿವರಣೆಯಲ್ಲಿ ಮಾತ್ರ ‘ಹುಟ್ಟಿ ಹೊರಚಿಮ್ಮುತ್ತದೆ’ ಎಂದು ಒತ್ತಿ ಹೇಳಿ.

ಇನ್ನೊಂದು ಕೊರತೆ: ನಿಮ್ಮ ವಾಕ್ಯದಲ್ಲಿ ಇಲೆಕ್ಟ್ರಾನ್ ಒಂದೇ ಹೊರಬೀಳುತ್ತದೆ. ಜೊತೆಯಲ್ಲಿ ಪ್ರತಿನ್ಯೂಟ್ರಿನೋ ಎಂಬ, ವಿದ್ಯುದಂಶವಿಲ್ಲದ ಹಗುರ ಕಣ ಬರಲೇಬೇಕು. ಆಲ್ಫಾ ಕಣಗಳಿಗೆ ಗೊತ್ತಾದ, ಗೆರೆ ಎಳೆದಂಥ ಶಕ್ತಿ ಇರುತ್ತದೆ. ಬೀಟಾಗಳಿಗೆ ಸೊನ್ನೆಯಿಂದ ಒಂದು ಗರಿಷ್ಠ ಮಿತಿಯವರೆಗೆ ಎಲ್ಲ ಶಕ್ತಿಯೂ ಇರುತ್ತದೆ. ಚಾಡ್ವಿಕ್ ಇದನ್ನು 1914ರಲ್ಲೇ ಕಂಡಿದ್ದ. ಉಳಿದ ಶಕ್ತಿ ಎಲ್ಲಿ ಹೋಯಿತು? 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ಆಗ ರೇಡಿಯಂ-ಇ ಎನ್ನುತ್ತಿದ್ದ ಬಿಸ್ಮತ್-210ನ್ನು ಉಷ್ಣಮಾಪಕದಲ್ಲಿಟ್ಟು ಶಾಖ ಅಳೆದರು. ಕ್ಷಯವೊಂದಕ್ಕೆ ಸಿಕ್ಕಿದ್ದು ಸರಾಸರಿ ಸುಮಾರು 0.35 ಎಂಇವಿ ಮಾತ್ರ. ರೋಹಿತದ ಮೇಲಂಚು ಒಂದು ಎಂಇವಿಗೂ ಮೇಲಿತ್ತು. ಪಾತ್ರೆಯ ಗೋಡೆಗೂ ಸಿಗದೆ ಏನೋ ಪರಾರಿಯಾಗುತ್ತಿತ್ತು. 1930ರ ಡಿಸೆಂಬರ್ 4ರಂದು ಪೌಲಿ ಟ್ಯೂಬಿಂಗೆನ್ನಿನಲ್ಲಿ ಸೇರಿದ್ದ ಭೌತವಿಜ್ಞಾನಿಗಳಿಗೆ ಪತ್ರ ಬರೆದು, ವಿದ್ಯುದಂಶವಿಲ್ಲದ ಹಗುರ ಕಣವೊಂದನ್ನು ಸೂಚಿಸಿದ. ಅದಕ್ಕೆ ಅವನಿಟ್ಟ ಹೆಸರು ‘ನ್ಯೂಟ್ರಾನ್’! ಎರಡು ವರ್ಷದ ಮೇಲೆ ಚಾಡ್ವಿಕ್ ಕಂಡ ಭಾರದ ಕಣಕ್ಕೆ ಆ ಹೆಸರು ಹೋಯಿತು. ಇಟಲಿಯ ಭಾಷೆಯಲ್ಲಿ ‘ಓನೆ’ ದೊಡ್ಡದನ್ನೂ ‘ಇನೋ’ ಪುಟ್ಟದನ್ನೂ ಸೂಚಿಸುವ ಪ್ರತ್ಯಯಗಳು. ಅಲ್ಲಿ ನ್ಯೂಟ್ರಾನ್ ‘ನೆಉತ್ರೋನೆ’, ಅದರಿಂದ ‘ನೆಉತ್ರಿನೋ’. ಫರ್ಮಿ ಬಳಸಿ ಬೆಳೆಸಿದ ಹೆಸರು ಅದೇ. ‘ತಟಸ್ಥಾಣು’ ಎಂದು ಯಾರಾದರೂ ಕನ್ನಡಿಸಹೊರಟರೆ ಆ ಪುಟ್ಟತನ ಕೈತಪ್ಪುತ್ತದೆ. ನ್ಯೂಟ್ರಿನೋ ಎಂದೇ ಇರಲಿ.

ಕೋಲಾರದ ಗಣಿಯ ಹೆಸರು ಕೈಪಿಡಿಯಲ್ಲಿ ಬರುತ್ತದೆಯೋ ಗೊತ್ತಿಲ್ಲ. ಬಂದರೆ ಒಂದು ಎಚ್ಚರ. 1965ರಲ್ಲಿ ಚಾಂಪಿಯನ್ ರೀಫ್‌ನ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಕುರುಹು ಬಿಟ್ಟ ನ್ಯೂಟ್ರಿನೋಗಳು ಬೀಟಾ ಕ್ಷಯದ ಸಂತಾನವಲ್ಲ. ಅವು ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಅಲ್ಪಾಯು ಕಣಗಳಿಂದ ಬಂದವು. ಬೀಟಾ ಕ್ಷಯದ ಪ್ರತಿನ್ಯೂಟ್ರಿನೋಗಳನ್ನು 1956ರಲ್ಲಿ ಹಿಡಿದು ತೋರಿಸಿದವರು ರೈನೆಸ್ ಮತ್ತು ಕೋವನ್, ಅಮೆರಿಕದ ಸವನ್ನಾ ರಿವರ್ ರಿಯಾಕ್ಟರಿನ ಪಕ್ಕದಲ್ಲಿ.

‘ದುರ್ಬಲ ಬಲ’ಕ್ಕೆ ನನ್ನ ಬಳಿ ಮದ್ದಿಲ್ಲ. ‘ದುರ್ಬಲ ಅಂತರಕ್ರಿಯೆ’ ಎಂದರೆ ಕಿವಿಗೂ ಹಿತ, ಅರ್ಥಕ್ಕೂ ಹತ್ತಿರ: ಇಲ್ಲಿ ಯಾವುದೂ ಯಾವುದನ್ನೂ ತಳ್ಳುತ್ತಿಲ್ಲ, ಎಳೆಯುತ್ತಿಲ್ಲ, ಒಂದು ಕಣದ ಜಾತಿ ಬದಲಾಗುತ್ತಿದೆ. ಪ್ರೋಟಾನ್, ನ್ಯೂಟ್ರಾನುಗಳನ್ನು ಕಟ್ಟಿರುವ ಇನ್ನೂ ಸಣ್ಣ ಕಣಗಳಿಗೆ ಕ್ವಾರ್ಕ್ ಎಂದು ಹೆಸರು; ನ್ಯೂಟ್ರಾನಿನೊಳಗಿನ ಒಂದು ಡೌನ್ ಕ್ವಾರ್ಕ್ ಅಪ್ ಕ್ವಾರ್ಕ್ ಆಗುತ್ತದೆ. ಆ ಬದಲಾವಣೆಯನ್ನು ಸಾಗಿಸುವ ಡಬ್ಲ್ಯೂ ಕಣ ಪ್ರೋಟಾನಿಗಿಂತ ಸುಮಾರು 85 ಪಟ್ಟು ಭಾರ. ಅಷ್ಟು ಭಾರವನ್ನು ಎರವಲು ತರಬೇಕಾದ್ದರಿಂದಲೇ ಕ್ರಿಯೆ ಅಪರೂಪ, ಹೆಸರು ‘ದುರ್ಬಲ’.

ಉತ್ತರ: ವ್ಯಾಕರಣದ ಕಡೆಯಿಂದ

ಮೇಷ್ಟ್ರು ಹೇಳಿದ ‘ಎಣಿಕೆ ಕ್ಷಯಿಸುತ್ತದೆ, ಪರಮಾಣು ಮಾರ್ಪಡುತ್ತದೆ’ ಎಂಬ ಭೇದಕ್ಕೆ ನಮ್ಮ ಹಳೆಯ ಬಳಕೆಯಲ್ಲೇ ಆಧಾರವಿದೆ. ಕ್ಷಯ ಎಂದರೆ ರೋಗ ಎಂಬುದು ‘ಕ್ಷಯರೋಗ’ದ ಬಾಲ ಕತ್ತರಿಸಿದ್ದರಿಂದ ಬಂದ ಅರ್ಥ. ಪಂಚಾಂಗ ತೆರೆದರೆ ಚಂದ್ರನಿಗೆ ವೃದ್ಧಿ-ಕ್ಷಯ ಉಂಟು. ಚಂದ್ರನ ಮೈಯಿಂದ ಒಂದು ಕಲ್ಲೂ ಉದುರುವುದಿಲ್ಲ, ಕಾಣುವ ಪಾಲು ಇಳಿಯುತ್ತದೆ ಅಷ್ಟೇ. ಕ್ಷಯತಿಥಿ ಎಂದರೆ ಒಂದು ಸೂರ್ಯೋದಯದ ನಂತರ ಹುಟ್ಟಿ ಮುಂದಿನ ಸೂರ್ಯೋದಯದೊಳಗೆ ಮುಗಿದುಹೋಗುವ ತಿಥಿ. ಅದು ಸವೆದದ್ದಲ್ಲ, ದಿನದ ಎಣಿಕೆಯಲ್ಲಿ ಬಿಟ್ಟುಹೋದದ್ದು. ‘ಅಕ್ಷಯ’ ಎಂದರೂ ಎಷ್ಟು ತೆಗೆದರೂ ಲೆಕ್ಕ ಇಳಿಯದ್ದು. ಕ್ಷಯ ಎಂದರೆ ಲೆಕ್ಕದ ಇಳಿತ ಎಂಬುದು ಕನ್ನಡಿಗರಿಗೆ ಹೊಸ ಅರ್ಥವೇನಲ್ಲ. ಪದ ಇರಲಿ.

ನನ್ನ ತಕರಾರು ಸಮಾಸದ ಮೇಲೆ. ದಂತಕ್ಷಯ, ಧನಕ್ಷಯ, ಪುಣ್ಯಕ್ಷಯ, ಕುಲಕ್ಷಯ: ಇಲ್ಲೆಲ್ಲ ಕ್ಷಯಿಸುವುದು ಪೂರ್ವಪದ. ದಂತದ ಕ್ಷಯ, ಧನದ ಕ್ಷಯ. ಈ ರೂಢಿಯಲ್ಲಿ ಬೆಳೆದ ಕಿವಿಗೆ ‘ಬೀಟಾ ಕ್ಷಯ’ ಎಂದರೆ ಬೀಟಾದ ಕ್ಷಯ; ಬೀಟಾ ಎಂಬ ಏನೋ ಒಂದು ನಾಶವಾಗುತ್ತಿದೆ ಎಂದು. ಅರ್ಥ ಅದರ ತಿರುವುಮುರುವು. ಬೀಟಾ ನಾಶವಾಗುತ್ತಿಲ್ಲ, ಹುಟ್ಟುತ್ತಿದೆ. ಇದನ್ನು ಮಧ್ಯಮಪದ ಲೋಪವಾದ ಸಮಾಸ ಎಂದು ಬಿಡಿಸಬೇಕು: ಬೀಟಾ ಸೂಸಿ ಆಗುವ ಕ್ಷಯ. ‘ಶಾಕಪಾರ್ಥಿವ’ ಎಂದರೆ ಸೊಪ್ಪಿನ ರಾಜನಲ್ಲ, ಸೊಪ್ಪು ಪ್ರಿಯನಾದ ರಾಜ ಎಂದು ಪಾಠ ಹೇಳುತ್ತೇವಲ್ಲ. ಮೊಸರನ್ನವೂ ಮೊಸರು ಕಲಸಿದ ಅನ್ನವೇ.

ತೊಂದರೆಯೆಂದರೆ ಅದೇ ಪುಟದಲ್ಲಿ ‘ನ್ಯೂಟ್ರಾನ್ ಕ್ಷಯ’ ಬರುತ್ತದೆ. ಅಲ್ಲಿ ಕ್ಷಯಿಸುವುದು ನ್ಯೂಟ್ರಾನೇ. ನೋಡಲು ಒಂದೇ ಅಚ್ಚಿನ ಎರಡು ಸಮಾಸ, ವಿಗ್ರಹವಾಕ್ಯ ಮಾತ್ರ ಬೇರೆ ಬೇರೆ. ಓದುಗ ಊಹಿಸಲಿ ಎಂದು ಬಿಡುವುದು ನ್ಯಾಯವಲ್ಲ. ನನ್ನ ಸಲಹೆ: ಯಾವುದು ಕ್ಷಯಿಸುತ್ತದೋ ಅದಕ್ಕೆ ಷಷ್ಠಿ ವಿಭಕ್ತಿ ಹಚ್ಚಿ ಬಿಡಿಸಿ ಬರೆಯಿರಿ: ನ್ಯೂಟ್ರಾನಿನ ಕ್ಷಯ, ಟ್ರಿಟಿಯಮ್ಮಿನ ಕ್ಷಯ. ಬಗೆ ಹೇಳುವಾಗ ವಿಭಕ್ತಿಯಿಲ್ಲದ ಜೋಡಿ: ಆಲ್ಫಾ ಕ್ಷಯ, ಬೀಟಾ ಕ್ಷಯ. ‘ಬೀಟಾ ಕಣದ ಕ್ಷಯ’ ಎಂದು ಮರೆತೂ ಬರೆಯಬೇಡಿ.

‘ಮಗಳು’ ವಿಚಾರಕ್ಕೆ: ‘ಮಗಳು ನ್ಯೂಕ್ಲಿಯಸ್ ಸ್ಥಿರವಾಗಿದ್ದಾಳೆ’ ಎಂದು ಯಾರೂ ಬರೆಯುವುದಿಲ್ಲ, ‘ಸ್ಥಿರವಾಗಿದೆ’ ಎಂದರೆ ಮಗಳು ಮುನಿಯುತ್ತಾಳೆ. ‘ಮರಿ ನ್ಯೂಕ್ಲಿಯಸ್’ ಅಂದವಾಗಿದೆ, ಆದರೆ ಮರಿ ಎಂದರೆ ಚಿಕ್ಕದು ಎಂಬ ಧ್ವನಿ ಇದೆ. ಬೀಟಾ ಕ್ಷಯದಲ್ಲಿ ತಾಯಿಗೂ ಮರಿಗೂ ಒಂದೇ ತೂಕ. ‘ಜನಕ – ಜನ್ಯ’ ಎಂಬ ಜೋಡಿಗೆ ಲಿಂಗದ ತಂಟೆಯಿಲ್ಲ. ತರಗತಿಯಲ್ಲಿ ಬಾಯಿಮಾತಿಗೆ ತಾಯಿ-ಮಗಳು ಇರಲಿ, ಅಚ್ಚಿನಲ್ಲಿ ಜನಕ-ಜನ್ಯ.

‘ದುರ್ಬಲ’ಕ್ಕೆ ಬದಲು ‘ಕ್ಷೀಣ ಬಲ’ ಎಂದು ಸೂಚಿಸುವವರಿದ್ದಾರೆ. ಕ್ಷಯ, ಕ್ಷೀಣ ಎರಡೂ ಒಂದೇ ‘ಕ್ಷಿ’ ಧಾತುವಿನವು. ಕ್ಷಯಕ್ಕೆ ಕಾರಣವಾದ ಬಲವೇ ಕ್ಷೀಣಿಸುತ್ತಿದೆ ಎಂದು ಓದಿಕೊಂಡಾರು. ಅಂತರಕ್ರಿಯೆಗೆ ನನ್ನದೂ ಒಪ್ಪಿಗೆ.

ಉತ್ತರ: ಪ್ರಯೋಗಾಲಯದ ಕಡೆಯಿಂದ

ಪದಚರ್ಚೆಯಲ್ಲಿ ಸೀಸದ ಮಾತು ತರುತ್ತಿರುವುದಕ್ಕೆ ಕ್ಷಮಿಸಿ. ಇಂಥ ಕೈಪಿಡಿಗಳ ಸುರಕ್ಷತಾ ಪುಟದಲ್ಲಿ ‘ವಿಕಿರಣಕ್ಕೆ ಸೀಸದ ತಡೆ ಹಾಕಿ’ ಎಂದು ಒಂದೇ ಸಾಲು ಇರುತ್ತದೆ. ಬೀಟಾಕ್ಕೆ ಅದು ಅಪಾಯದ ಸಲಹೆ.

ರಂಜಕ-32ರ ಬೀಟಾ ಗರಿಷ್ಠ 1.71 ಎಂಇವಿ, ಗಾಳಿಯಲ್ಲಿ ಸುಮಾರು 6 ಮೀಟರ್ ಹೋಗುತ್ತದೆ, ಮಾಂಸದಲ್ಲಿ ಸುಮಾರು 8 ಮಿಲಿಮೀಟರ್. ಅದನ್ನು ನಿಲ್ಲಿಸಲು 1 ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಹಲಗೆ ಸಾಕು. ನೇರವಾಗಿ ಸೀಸ ಇಟ್ಟರೆ ಭಾರದ ನ್ಯೂಕ್ಲಿಯಸ್ಸುಗಳ ಹತ್ತಿರ ಇಲೆಕ್ಟ್ರಾನ್ ಗಕ್ಕನೆ ಬ್ರೇಕ್ ಹಾಕಿದಂತಾಗಿ, ಶಕ್ತಿಯ ಸುಮಾರು ಶೇ. 5 ಎಕ್ಸ್-ಕಿರಣವಾಗಿ ಹೊರಡುತ್ತದೆ. ಅಕ್ರಿಲಿಕ್ಕಿನಲ್ಲಿ ಆ ಪಾಲು ಶೇ. 0.5ಕ್ಕಿಂತ ಕಡಿಮೆ. ಮೂಲ ತುಂಬ ಪ್ರಬಲವಾಗಿದ್ದರೆ ಒಳಗೆ ಅಕ್ರಿಲಿಕ್, ಅದರ ಹೊರಗೆ ಸೀಸ. ಈ ಅನುಕ್ರಮ ತಿರುಗಬಾರದು. ಆ ಎಕ್ಸ್-ಕಿರಣಕ್ಕೆ ಜರ್ಮನ್ ಹೆಸರಿನ ಅರ್ಥವೇ ‘ಬ್ರೇಕ್ ವಿಕಿರಣ’. ಕನ್ನಡದಲ್ಲೂ ಹಾಗೇ ಬರೆದರೆ ಬಸ್ಸಿನಲ್ಲಿ ನಿಂತು ಬಂದವರಿಗೆಲ್ಲ ತಿಳಿಯುತ್ತದೆ.

ಇನ್ನೊಂದು ಮಾತು ‘ಬೀಟಾ ಶಕ್ತಿ’. ಕೋಷ್ಟಕಗಳಲ್ಲಿ ಕೊಟ್ಟಿರುವುದು ಹೆಚ್ಚಾಗಿ ಗರಿಷ್ಠ ಶಕ್ತಿ. ಸರಾಸರಿ ಅದರ ಮೂರನೆಯ ಒಂದರ ಆಸುಪಾಸು, ರಂಜಕ-32ಕ್ಕೆ 0.695 ಎಂಇವಿ. ತಡೆಯ ದಪ್ಪಕ್ಕೆ ಗರಿಷ್ಠ ನೋಡಬೇಕು, ದೇಹಕ್ಕೆ ಬಿದ್ದ ಪ್ರಮಾಣಕ್ಕೆ ಸರಾಸರಿ. ‘ಗರಿಷ್ಠ’ ಎಂಬ ವಿಶೇಷಣ ಅನುವಾದದಲ್ಲಿ ಉದುರಿಹೋದರೆ ಲೆಕ್ಕ ಎರಡೂವರೆ ಪಟ್ಟು ಕೆಡುತ್ತದೆ.

‘ಗೈಗರ್ ಎಣಿಕೆಯಂತ್ರ ಸದ್ದು ಮಾಡದಿದ್ದರೆ ಬೀಟಾ ಇಲ್ಲ’ ಎಂದೂ ಬರೆಯಬಾರದು. ಟ್ರಿಟಿಯಂ (ಹೈಡ್ರೋಜನ್-3) ಬೀಟಾದ ಗರಿಷ್ಠ 18.6 ಕೆಇವಿ (ಸಾವಿರ ಇಲೆಕ್ಟ್ರಾನ್ ವೋಲ್ಟ್). ಗಾಳಿಯಲ್ಲಿ 6 ಮಿಲಿಮೀಟರ್ ದಾಟುವುದಿಲ್ಲ, ಯಂತ್ರದ ಕಿಟಕಿಯನ್ನೂ ದಾಟುವುದಿಲ್ಲ. ಕೈಗಾದಂಥ ಭಾರಜಲ ಸ್ಥಾವರಗಳಲ್ಲಿ ಡ್ಯುಟೀರಿಯಂ (ಹೈಡ್ರೋಜನ್-2) ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತಲೇ ಇರುತ್ತದೆ. ಅದು ಮೈಗೆ ಸೇರಿದೆಯೇ ಎಂದು ತಿಳಿಯಲು ಮೂತ್ರದ ಮಾದರಿಯನ್ನು ಮಿನುಗುವ ದ್ರಾವಣದಲ್ಲಿ ಬೆರೆಸಿ ಬೆಳಕಿನ ಮಿಣುಕುಗಳನ್ನು ಎಣಿಸುತ್ತಾರೆ.

ಕೊನೆಯದಾಗಿ, ‘ಕೋಬಾಲ್ಟ್ ಸೂಸುವ ಗಾಮಾ’. ಬಳಕೆ ಗಟ್ಟಿಯಾಗಿದೆ, ಆದರೆ ಕೋಬಾಲ್ಟ್-60 ಸೂಸುವುದು ಬೀಟಾ. ಹಾಗೆ ಸೂಸಿ ನಿಕಲ್-60 ಆದಮೇಲೆ ಆ ನಿಕಲ್ 1.17 ಮತ್ತು 1.33 ಎಂಇವಿಯ ಗಾಮಾಗಳನ್ನು ಸೂಸುತ್ತದೆ. ಸೀಸಿಯಂ-137ರ 0.662 ಎಂಇವಿ ಗಾಮಾವೂ ಹೀಗೆಯೇ, ಬೇರಿಯಮ್ಮಿನದು. ‘ಕೋಬಾಲ್ಟ್ ಮೂಲದ ಗಾಮಾ’ ಎಂದರೆ ಎರಡೂ ಕಡೆಯವರಿಗೆ ಸಮಾಧಾನ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ‘ಬೀಟಾ ಸೂಸಿ ಆಗುವ ಕ್ಷಯ’ ಎಂಬ ವಿಗ್ರಹವಾಕ್ಯವನ್ನು ಹಾಗೇ ಪಾಠಕ್ಕೆ ಹಾಕಿಕೊಳ್ಳುತ್ತಿದ್ದೇನೆ. ‘ಗ್ರಹಣ’ದ ಪ್ರಶ್ನೆ ಮಾತ್ರ ಉಳಿಯಿತು.

ಉತ್ತರ: ಮತ್ತೆ ಭೌತಶಾಸ್ತ್ರದ ಕಡೆಯಿಂದ

ಮೇಡಂ, ಸ್ವಲ್ಪ ತಡೆಯಿರಿ. ಆ ವಿಗ್ರಹವಾಕ್ಯ ‘ಗ್ರಹಣ’ದ ಪುಟದಲ್ಲೇ ಮುರಿದು ಬೀಳುತ್ತದೆ.

ಬೀಟಾ ಕ್ಷಯದ ಕುಟುಂಬದಲ್ಲಿ ಮೂವರಿದ್ದಾರೆ. ಋಣ ಬೀಟಾದಲ್ಲಿ ನ್ಯೂಟ್ರಾನ್ ಪ್ರೋಟಾನಾಗಿ ಇಲೆಕ್ಟ್ರಾನ್ ಮತ್ತು ಪ್ರತಿನ್ಯೂಟ್ರಿನೋ ಹೊರಡುತ್ತವೆ. ಧನ ಬೀಟಾದಲ್ಲಿ ಪ್ರೋಟಾನ್ ನ್ಯೂಟ್ರಾನಾಗಿ ಪಾಸಿಟ್ರಾನ್ (ಧನ ವಿದ್ಯುದಂಶದ ಇಲೆಕ್ಟ್ರಾನ್) ಮತ್ತು ನ್ಯೂಟ್ರಿನೋ ಹೊರಡುತ್ತವೆ. ಮೂರನೆಯದರಲ್ಲಿ ನ್ಯೂಕ್ಲಿಯಸ್ ತನ್ನ ಪರಮಾಣುವಿನದೇ ಒಂದು ಇಲೆಕ್ಟ್ರಾನನ್ನು, ಸಾಮಾನ್ಯವಾಗಿ ಅತ್ಯಂತ ಒಳಗಿನ ಕವಚದ್ದನ್ನು, ಒಳಗೆ ಎಳೆದುಕೊಳ್ಳುತ್ತದೆ. ಹೊರಡುವುದು ನ್ಯೂಟ್ರಿನೋ ಒಂದೇ. ಬೀಟಾ ಕಣವೇ ಸೂಸದ ಬೀಟಾ ಕ್ಷಯ! ಆದ್ದರಿಂದ ವಿಗ್ರಹವಾಕ್ಯ ‘ಬೀಟಾ ಬಗೆಯ ಕ್ಷಯ’ ಎಂದಿರಲಿ.

ಇದಕ್ಕೆ ‘ಗ್ರಹಣ’ ತಪ್ಪಲ್ಲ, ಪಾಣಿಗ್ರಹಣದಲ್ಲಿರುವ ಅರ್ಥವೇ. ಆದರೂ ‘ಇಲೆಕ್ಟ್ರಾನ್ ಸೆರೆ’ ನೇರವಾಗಿದೆ. ‘ಸೆರೆ’ ಎಂದರೆ ಆಮೇಲೆ ಬಿಡುಗಡೆಯೂ ಉಂಟು ಎಂದು ಯಾರಾದರೂ ವಾದಿಸಬಹುದು. ಸಿಕ್ಕಿದ ಇಲೆಕ್ಟ್ರಾನ್ ಇಲ್ಲವಾಗುತ್ತದೆ ಎಂದು ಪಕ್ಕದಲ್ಲೇ ಹೇಳಿದರೆ ಮುಗಿಯಿತು. ಖಾಲಿಯಾದ ಜಾಗಕ್ಕೆ ಹೊರ ಕವಚದ ಇಲೆಕ್ಟ್ರಾನ್ ಇಳಿದಾಗ ಎಕ್ಸ್-ಕಿರಣ ಬರಬಹುದು. ಅದು ಜನಕದ್ದಲ್ಲ, ಜನ್ಯ ಧಾತುವಿನದು.

ಧನ ಬೀಟಾಕ್ಕೂ ಸೆರೆಗೂ ನಡುವೆ ಒಂದು ಹೊಸ್ತಿಲಿದೆ. ಕೋಷ್ಟಕದಲ್ಲಿರುವುದು ನ್ಯೂಕ್ಲಿಯಸ್ಸಿನದಲ್ಲ, ಇಲೆಕ್ಟ್ರಾನುಗಳೂ ಸೇರಿದ ಪರಮಾಣುವಿನ ರಾಶಿ. ಋಣ ಬೀಟಾದಲ್ಲಿ ಎರಡು ಪರಮಾಣುಗಳ ರಾಶಿಯ ವ್ಯತ್ಯಾಸವೇ ಸಿಗುವ ಶಕ್ತಿ. ಧನ ಬೀಟಾದಲ್ಲಿ ಅದರಿಂದ ಎರಡು ಇಲೆಕ್ಟ್ರಾನ್ ರಾಶಿ, ಎಂದರೆ 1.022 ಎಂಇವಿ ಕಳೆಯಬೇಕು. ಪೆಟ್ ಸ್ಕ್ಯಾನಿಗೆ ಬಳಸುವ ಫ್ಲೂರಿನ್-18 ನೋಡಿ: ವ್ಯತ್ಯಾಸ 1.656, ಕಳೆದರೆ 0.634 ಎಂಇವಿ, ಅದರ ಪಾಸಿಟ್ರಾನಿನ ಗರಿಷ್ಠ ಶಕ್ತಿ ಅದೇ. ಕಳೆಯಲು ಮರೆಯುವುದು ವಿದ್ಯಾರ್ಥಿಗಳ ಕಾಯಂ ತಪ್ಪು, ಒಂದೇ ಇಲೆಕ್ಟ್ರಾನ್ ಕಳೆಯುವುದು ಅದರ ತಮ್ಮ. ಬೆರಿಲಿಯಂ-7ರಲ್ಲಿ ವ್ಯತ್ಯಾಸ 0.862 ಮಾತ್ರ. ಹೊಸ್ತಿಲು ದಾಟಲಾಗದು, ಹಾಗಾಗಿ ಅದಕ್ಕೆ ಸೆರೆಯೊಂದೇ ದಾರಿ. ವಿಶ್ವಕಿರಣಗಳಲ್ಲಿ ಇಲೆಕ್ಟ್ರಾನುಗಳೆಲ್ಲ ಕಳಚಿಹೋದ ಬೆರಿಲಿಯಂ-7 ಸೆರೆ ಹಿಡಿಯಲು ಏನೂ ಇಲ್ಲದೆ ಕ್ಷಯಿಸದೇ ಉಳಿಯುತ್ತದೆ.

ಉದಾಹರಣೆಗೆ ಪೊಟ್ಯಾಸಿಯಂ-40 ಹಾಕಿ, ಮನೆಯಲ್ಲೇ ಇದೆ. ಬಾಳೆಹಣ್ಣೊಂದರಲ್ಲಿ ಸುಮಾರು 0.4 ಗ್ರಾಂ ಪೊಟ್ಯಾಸಿಯಂ ಇದ್ದರೆ ಸೆಕೆಂಡಿಗೆ ಹನ್ನೆರಡು ಕ್ಷಯ. ನೂರರಲ್ಲಿ 89 ಋಣ ಬೀಟಾ ಆಗಿ ಕ್ಯಾಲ್ಸಿಯಂ-40, ಉಳಿದ 11 ಸೆರೆಯಾಗಿ ಆರ್ಗಾನ್-40. ನಾವು ಉಸಿರಾಡುವ ಗಾಳಿಯ ಶೇ. 0.93ರಷ್ಟಿರುವ ಆರ್ಗಾನ್ ಬಹುಪಾಲು ಹೀಗೆ ಬಂದದ್ದು.

ನಿಮ್ಮ ನಾಲ್ಕು ಸಾಲಿಗೆ ನನ್ನ ತಿದ್ದುಪಡಿ:

“ಅಸ್ಥಿರ ನ್ಯೂಕ್ಲಿಯಸ್ಸಿನಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನಾಗಿ, ಇಲ್ಲವೇ ಪ್ರೋಟಾನ್ ನ್ಯೂಟ್ರಾನಾಗಿ ಮಾರ್ಪಡುವುದಕ್ಕೆ ಬೀಟಾ ಕ್ಷಯ ಎಂದು ಹೆಸರು. ಮೊದಲನೆಯದರಲ್ಲಿ ಒಂದು ಇಲೆಕ್ಟ್ರಾನ್ ಮತ್ತು ಒಂದು ಪ್ರತಿನ್ಯೂಟ್ರಿನೋ ಹುಟ್ಟಿ ಹೊರಚಿಮ್ಮುತ್ತವೆ. ಈ ಮಾರ್ಪಾಟಿಗೆ ದುರ್ಬಲ ಅಂತರಕ್ರಿಯೆ ಕಾರಣ. ಜನಕ ಮತ್ತು ಜನ್ಯ ನ್ಯೂಕ್ಲಿಯಸ್ಸುಗಳ ರಾಶಿಸಂಖ್ಯೆ (ಪ್ರೋಟಾನ್, ನ್ಯೂಟ್ರಾನುಗಳ ಒಟ್ಟು ಎಣಿಕೆ) ಒಂದೇ, ಧಾತು ಬೇರೆ. ಜನಕ ಪರಮಾಣುಗಳ ಎಣಿಕೆ ಅರ್ಧಕ್ಕಿಳಿಯುವ ಅವಧಿ ಅರ್ಧಾಯು. ಅಷ್ಟು ಕಾಲ ಉಳಿದುಬಂದ ಪರಮಾಣುವಿಗೆ ಮುಂದಿನ ಅರ್ಧಾಯುವಿನಲ್ಲಿ ಉಳಿಯುವ ಸಾಧ್ಯತೆ ಮತ್ತೆ ಅರ್ಧ.”

ವ್ಯಾಕರಣದ ಕಡೆಯಿಂದ ಒಂದು ಸಾಲು

ಒಪ್ಪಿದೆ. ‘ರಾಶಿಸಂಖ್ಯೆ’ಯನ್ನು ಕೂಡಿಸಿ ಬರೆದಿದ್ದೀರಿ, ಅಚ್ಚಿನಲ್ಲೂ ಹಾಗೇ ಇರಲಿ. ಬಿಡಿಸಿದರೆ ‘ಜನ್ಮರಾಶಿ ಯಾವುದು’ ಎಂದು ಕೇಳುವವರು ಇದ್ದೇ ಇರುತ್ತಾರೆ.